ಕಷ್ಟದ ಗಿಡವೊಂದರ ಮೂಲಕ ಪ್ಲಾಂಟ್‌ನೆಟ್: ನ್ಯೂ ಸೌತ್ ವೇಲ್ಸ್‌ನ ಆನ್‌ಲೈನ್ ಸಸ್ಯಕೋಶದ ವಿಮರ್ಶೆ

ಸಿಡ್ನಿಯ ರಾಯಲ್ ಬೊಟಾನಿಕ್ ಗಾರ್ಡನ್ಸ್ ಮತ್ತು ಅದರ ನ್ಯಾಷನಲ್ ಹರ್ಬೇರಿಯಂ (ಒಣಗಿಸಿದ ಸಸ್ಯ ಮಾದರಿಗಳ ಸಂಗ್ರಹಾಲಯ) ನಡೆಸುತ್ತಿರುವ ಪ್ಲಾಂಟ್‌ನೆಟ್, ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ತಾನಾಗಿ ಬೆಳೆಯುವ ಗಿಡಮರಗಳನ್ನು ಪ್ರಭೇದಕ್ಕೊಂದು ಪುಟದಂತೆ ವರ್ಣಿಸುವ ಉಚಿತ ಸೇವೆ. ಕುಟುಂಬ, ಜಾತಿ, ಪ್ರಭೇದ ಎಂಬ ಕ್ರಮದಲ್ಲಿ ಪುಟದಿಂದ ಪುಟಕ್ಕೆ ಇಳಿಯುತ್ತ ಹೋಗಬಹುದು. ಗಿಡದ ಹೆಸರು ಗೊತ್ತಿದ್ದರೆ ನೇರವಾಗಿ ಹುಡುಕಬಹುದು. ಹೆಸರು ಗೊತ್ತಿಲ್ಲದಿದ್ದರೆ ಎರಡೆರಡು ಆಯ್ಕೆಗಳನ್ನು ಮುಂದಿಡುವ ಗುರುತಿನ ಕೀಲಿಯ ನೆರವಿನಿಂದ ಹೆಸರಿನವರೆಗೆ ತಲುಪಬಹುದು. ಇಂಥ ಸೇವೆಯ ಯೋಗ್ಯತೆ ತಿಳಿಯುವುದು ಸುಲಭದ ಗಿಡದಿಂದಲ್ಲ. ಬ್ಯಾಂಕ್ಸಿಯಾದ ಹೂದಂಡನ್ನು ಒಮ್ಮೆ ನೋಡಿದವರು ಮತ್ತೆ ಮರೆಯುವುದಿಲ್ಲ. ಅದಕ್ಕೆ ಯಾವ ಪುಸ್ತಕವಾದರೂ ಸಾಕು. ಒಂದರಂತೆ ಇನ್ನೊಂದು ಕಾಣುವ ಹತ್ತಾರು ಗಿಡಗಳ ನಡುವೆ ಒಂದನ್ನು ಬೇರ್ಪಡಿಸಿ ತೋರಿಸಬೇಕಾದಾಗಲೇ ವರ್ಣನೆಯ ಬೆಲೆ ಗೊತ್ತಾಗುತ್ತದೆ. ಆ ಕಾರಣಕ್ಕೆ ನಾನು ಈ ಸೇವೆಯನ್ನು ಡಿಲ್ವಿನಿಯಾ ರೆಟಾರ್ಟಾ ಎಂಬ ಬಟಾಣಿ ಹೂವಿನ ಪೊದೆಯ ಪುಟದಿಂದ ಅಳೆಯುತ್ತಿದ್ದೇನೆ.

ಈ ಪೊದೆಯ ಕಷ್ಟ ಏನೆಂಬುದನ್ನು ಮೊದಲು ಹೇಳಬೇಕು. ಆಗಸ್ಟ್ ತಿಂಗಳಿನಲ್ಲಿ ರಾಯಲ್ ನ್ಯಾಷನಲ್ ಪಾರ್ಕ್, ಕುರಿಂಗ್‌ಗೈ ಚೇಸ್ ಅಥವಾ ಬ್ಲೂ ಮೌಂಟನ್ಸ್‌ನ ಮರಳುಗಲ್ಲಿನ ದಿಬ್ಬಗಳ ಮೇಲೆ ನಡೆದವರಿಗೆ ಕಾಲುದಾರಿಯ ಎರಡೂ ಕಡೆ ಹಳದಿಯ ನಡುವೆ ಕೆಂಪು ಬೆರೆತ ಸಣ್ಣ ಹೂಗಳ ಪೊದೆಗಳು ಸಾಲಾಗಿ ಕಾಣುತ್ತವೆ. ಅಲ್ಲಿನ ಜನ ಇವೆಲ್ಲವನ್ನೂ ಒಟ್ಟಾಗಿ ‘ಎಗ್ಸ್ ಅಂಡ್ ಬೇಕನ್’ ಎಂದು ಕರೆದು ಮುಂದೆ ಹೋಗುತ್ತಾರೆ. ಆ ಒಂದೇ ಹೆಸರಿನ ಕೆಳಗೆ ಡಿಲ್ವಿನಿಯಾ, ಪುಲ್ಟೆನಿಯಾ, ಡೇವಿಸಿಯಾ, ಆವೋಟಸ್, ಫಿಲೋಟಾ, ಬಾಸಿಯಾ ಮುಂತಾದ ಎಷ್ಟೋ ಬೇರೆ ಬೇರೆ ಜಾತಿಗಳು ಅಡಗಿವೆ. ಇವುಗಳಲ್ಲಿ ಪುಲ್ಟೆನಿಯಾ ಒಂದರಲ್ಲೇ ನೂರರ ಆಸುಪಾಸಿನಷ್ಟು ಪ್ರಭೇದಗಳನ್ನು ಎಣಿಸುತ್ತ ಬಂದಿದ್ದಾರೆ; ಡೇವಿಸಿಯಾದಲ್ಲಿ ಅದಕ್ಕಿಂತಲೂ ಹೆಚ್ಚು. ಹೂವಿನ ಬಣ್ಣವನ್ನಷ್ಟೇ ನಂಬಿ ಇವುಗಳಲ್ಲಿ ಒಂದನ್ನು ಗುರುತಿಸಹೊರಟರೆ ದಾರಿ ತಪ್ಪುವುದು ಖಚಿತ, ಏಕೆಂದರೆ ಬಣ್ಣವೇ ಇವುಗಳಲ್ಲಿ ಅತ್ಯಂತ ಸಮಾನವಾದ ಗುಣ.

ಪುಟದ ಮೇಲ್ಭಾಗದಲ್ಲಿ ಪ್ರಭೇದದ ಹೆಸರಿನ ಪಕ್ಕದಲ್ಲೇ ಅದನ್ನು ಕೊಟ್ಟವರ ಹೆಸರುಗಳಿವೆ. ಆವರಣದೊಳಗೆ ವೆಂಡ್‌ಲ್ಯಾಂಡ್, ಹೊರಗೆ ಡ್ರೂಸ್: ಜರ್ಮನಿಯ ವೆಂಡ್‌ಲ್ಯಾಂಡ್ ಈ ಗಿಡವನ್ನು ಮೊದಲು ಪುಲ್ಟೆನಿಯಾ ಎಂದು ಬಗೆದು ಹೆಸರಿಟ್ಟಿದ್ದರೆ, ಇಂಗ್ಲೆಂಡಿನ ಡ್ರೂಸ್ 1917ರಲ್ಲಿ ಅದನ್ನು ಡಿಲ್ವಿನಿಯಾಕ್ಕೆ ಸೇರಿಸಿದರು. ಡಿಲ್ವಿನಿಯಾ ಜಾತಿಯನ್ನು ಸ್ಥಾಪಿಸಿದವರು ಜೇಮ್ಸ್ ಎಡ್ವರ್ಡ್ ಸ್ಮಿತ್, 1805ರಲ್ಲಿ. ಅದಕ್ಕೆ ಹನ್ನೊಂದು ವರ್ಷ ಮೊದಲು ಪುಲ್ಟೆನಿಯಾವನ್ನು ಸ್ಥಾಪಿಸಿದವರೂ ಅವರೇ. ವೆಂಡ್‌ಲ್ಯಾಂಡ್ ಹೆಸರಿಟ್ಟಾಗ ಡಿಲ್ವಿನಿಯಾ ಎಂಬ ಜಾತಿಯೇ ಇನ್ನೂ ಇರಲಿಲ್ಲ; ಆದರೂ ಈ ಗಿಡ ಒಮ್ಮೆ ಪುಲ್ಟೆನಿಯಾ ಎನಿಸಿಕೊಂಡಿತ್ತೆಂಬ ಸಂಗತಿ ಹೆಸರಿನ ಬರವಣಿಗೆಯಲ್ಲೇ ಉಳಿದುಕೊಂಡಿರುವುದು ಹೊಸಬರಿಗೆ ಧೈರ್ಯ ಕೊಡುವ ವಿಷಯವೆಂದು ನನಗೆ ಅನ್ನಿಸುತ್ತದೆ.

ವರ್ಣನೆ ಮೊದಲು ಗಿಡದ ನಿಲುವನ್ನು ಹೇಳುತ್ತದೆ. ನೆಟ್ಟಗೆ ನಿಲ್ಲುವ ಅಥವಾ ನೆಲಕ್ಕೊರಗಿ ಹರಡುವ ಪೊದೆ, ಎತ್ತರ ಗರಿಷ್ಠ 3 ಮೀಟರ್. ಇಷ್ಟು ವಿಶಾಲವಾದ ವ್ಯಾಪ್ತಿ ಕೊಟ್ಟರೆ ಅದರಿಂದೇನು ಉಪಯೋಗ ಎಂದು ಮೊದಲ ಓದಿಗೆ ಅನ್ನಿಸಬಹುದು. ಆದರೆ ಸಮುದ್ರದ ಗಾಳಿಗೆ ಸದಾ ಒಡ್ಡಿಕೊಂಡ ಬಂಡೆಯ ಮೇಲಿನ ಗಿಡವೂ ಕಾಡಿನ ಮರೆಯಲ್ಲಿ ಬೆಳಕಿಗಾಗಿ ಚಾಚಿಕೊಂಡ ಗಿಡವೂ ಒಂದೇ ಪ್ರಭೇದದವಾಗಿರಬಹುದೆಂದು ಆ ಸಾಲು ಮೊದಲೇ ಎಚ್ಚರಿಸುತ್ತಿದೆ. ನಿಲುವನ್ನು ನೆಚ್ಚಿಕೊಳ್ಳಬೇಡಿ, ಎಲೆಗೆ ಬನ್ನಿ ಎಂಬುದು ಅದರ ಇಂಗಿತ.

ಎಲೆಯ ವರ್ಣನೆಯಲ್ಲಿ ಈ ಪುಟದ ನಿಜವಾದ ಬಲವಿದೆ. ಎಲೆ ರೇಖೆಯಂತೆ ಕಿರಿದು, ಉದ್ದ 4ರಿಂದ 12 ಮಿಲಿಮೀಟರ್, ಸುರುಳಿಯಾಗಿ ತಿರುಚಿಕೊಂಡದ್ದು. ಆ ತಿರುಚು ಬರಿಗಣ್ಣಿಗೂ ಕಾಣುತ್ತದೆ. ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರವಿದ್ದರೆ ಅನುಮಾನಕ್ಕೆ ಎಡೆಯೇ ಉಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಗುಣ ಜಾತಿಯ ಪುಟದಲ್ಲಿದೆ: ಡಿಲ್ವಿನಿಯಾದ ಎಲೆಯ ಅಂಚುಗಳು ಮೇಲ್ಮುಖವಾಗಿ ಒಳಕ್ಕೆ ಮಡಿಚಿಕೊಂಡಿರುವುದರಿಂದ ಎಲೆಯ ಮೇಲ್ಮೈಯಲ್ಲಿ ಉದ್ದಕ್ಕೂ ಗೆರೆಯಂಥ ಒಂದು ಸಣ್ಣ ತೋಡು ಇರುತ್ತದೆ. ಆವೋಟಸ್ ಮತ್ತು ಫಿಲೋಟಾಗಳಲ್ಲಿ ಇದು ತಿರುವುಮುರುವು. ಅವುಗಳ ಎಲೆಯಂಚು ಕೆಳಮುಖವಾಗಿ ಮಡಿಚಿರುತ್ತದೆ, ಆದ್ದರಿಂದ ತೋಡು ಇರುವುದು ಎಲೆಯ ಅಡಿಯಲ್ಲಿ. ಕೆಲವೇ ಮಿಲಿಮೀಟರ್ ಉದ್ದದ ಎಲೆಯೊಂದರ ಮೇಲಿನ ಗೆರೆ ಮೇಲ್ಬದಿಯದೋ ಕೆಳಬದಿಯದೋ ಎಂಬ ಒಂದೇ ಪ್ರಶ್ನೆ ಎರಡು ಜಾತಿಗಳನ್ನು ಪಕ್ಕಕ್ಕೆ ಸರಿಸಿಬಿಡುತ್ತದೆ. ಈ ಪುಟಗಳನ್ನು ಓದುವ ಮೊದಲು ಅಲ್ಲಿ ನೋಡಬೇಕೆಂದು ನನಗೆ ಹೊಳೆದಿರಲಿಲ್ಲ. ಒಳ್ಳೆಯ ವರ್ಣನೆ ಮಾಡುವ ಕೆಲಸವೇ ಅದು, ಕಣ್ಣನ್ನು ಸರಿಯಾದ ಜಾಗಕ್ಕೆ ಕೊಂಡೊಯ್ಯುವುದು.

ಪುಲ್ಟೆನಿಯಾವನ್ನು ಬೇರ್ಪಡಿಸುವುದು ಇನ್ನೂ ಸೂಕ್ಷ್ಮ. ಎಲೆ ಕಾಂಡಕ್ಕೆ ಅಂಟಿಕೊಳ್ಳುವ ಜಾಗದಲ್ಲಿ ಪುಲ್ಟೆನಿಯಾದ ಗಿಡಗಳಿಗೆ ಕಂದು ಬಣ್ಣದ, ತೆಳು ಹಾಳೆಯಂಥ ಜೋಡಿ ಕಾವಿನೆಲೆಗಳಿರುತ್ತವೆ. ಡಿಲ್ವಿನಿಯಾದಲ್ಲಿ ಅವು ಇರುವುದೇ ಇಲ್ಲ, ಇದ್ದರೂ ಕಣ್ಣಿಗೆ ಬೀಳದಷ್ಟು ಚಿಕ್ಕವು. ಹಾಗೆಯೇ ಪುಲ್ಟೆನಿಯಾದ ಹೂವಿನ ಪುಷ್ಪಪಾತ್ರೆಗೆ, ಅಂದರೆ ದಳಗಳನ್ನು ಬುಡದಲ್ಲಿ ಹಿಡಿದಿರುವ ಬಟ್ಟಲಿಗೆ, ತಾಗಿದಂತೆ ಎರಡು ಕಿರುಪತ್ರಗಳು ಹೂ ಅರಳಿದ ಮೇಲೂ ಅಂಟಿಕೊಂಡಿರುತ್ತವೆ. ಡಿಲ್ವಿನಿಯಾದಲ್ಲಿ ಅವು ತೊಟ್ಟಿನ ಮೇಲೆ ಹುಟ್ಟಿ ಬಹುಮಟ್ಟಿಗೆ ಬೇಗ ಉದುರಿಹೋಗುತ್ತವೆ. ಕಾಯಿಯನ್ನು ನೋಡಿ ತೀರ್ಮಾನಿಸೋಣವೆಂದರೆ ಅಲ್ಲಿ ಸಹಾಯ ಸಿಗುವುದಿಲ್ಲ, ಏಕೆಂದರೆ ಎರಡು ಜಾತಿಗಳ ಅಂಡಾಶಯದಲ್ಲೂ ಇರುವುದು ಎರಡೇ ಅಂಡಕಗಳು, ಕಾಯಿ ಎರಡರಲ್ಲೂ ಗಿಡ್ಡ ಮತ್ತು ಉಬ್ಬು. ಡೇವಿಸಿಯಾ ಮಾತ್ರ ತನ್ನ ಚಪ್ಪಟೆಯಾದ ತ್ರಿಕೋನಾಕಾರದ ಕಾಯಿಯಿಂದ ದೂರದಿಂದಲೇ ಗುರುತು ಸಿಗುವಂಥದ್ದು.

ಹೂವಿನ ವಿಷಯಕ್ಕೆ ಬಂದರೆ, ಐದು ದಳಗಳ ಹೂವು ಬಟಾಣಿಯದರಂತೆಯೇ ಇದೆ: ಮೇಲೆ ಒಂದು ಪತಾಕದಳ, ಎರಡು ಪಕ್ಕಗಳಲ್ಲಿ ರೆಕ್ಕೆದಳ, ಕೆಳಗೆ ಒಂದಕ್ಕೊಂದು ಕೂಡಿಕೊಂಡ ಎರಡು ದೋಣಿದಳಗಳು. ಡಿಲ್ವಿನಿಯಾದ ವೈಶಿಷ್ಟ್ಯವೆಂದರೆ ಪತಾಕದಳದ ಅಗಲ ಅದರ ಉದ್ದಕ್ಕಿಂತ ಬಹಳ ಹೆಚ್ಚು. ಎದುರಿನಿಂದ ನೋಡಿದರೆ ಹೂವು ಅಡ್ಡಕ್ಕೆ ಎಳೆದಂತೆ ಕಾಣುವುದು ಈ ಕಾರಣದಿಂದ. ನಡುವೆ ಕೆಂಪು ಗುರುತುಗಳಿರುತ್ತವೆ. ಪುಷ್ಪಪಾತ್ರೆಯ ಐದು ಹಲ್ಲುಗಳಲ್ಲಿ ಮೇಲಿನ ಎರಡು ಕೂಡಿಕೊಂಡು ಅಗಲವಾದ ತುಟಿಯಂತಾಗಿರುತ್ತವೆ. ಈ ಪೊದೆಯ ಹತ್ತೂ ಕೇಸರಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿರುತ್ತವೆ ಎಂಬುದನ್ನು ಓದಿದಾಗ ಬಟಾಣಿಯ ಹೂವನ್ನು ಬಿಡಿಸಿ ನೋಡಿದವರಿಗೆ ಆಶ್ಚರ್ಯವಾಗುತ್ತದೆ, ಏಕೆಂದರೆ ಬಟಾಣಿಯಲ್ಲಿ ಒಂಬತ್ತು ಕೇಸರಗಳು ಕೊಳವೆಯಂತೆ ಕೂಡಿಕೊಂಡು ಹತ್ತನೆಯದು ಮಾತ್ರ ಪ್ರತ್ಯೇಕವಾಗಿರುತ್ತದೆ. ಆಸ್ಟ್ರೇಲಿಯದ ಬಟಾಣಿ ಹೂವಿನ ಪೊದೆಗಳಲ್ಲಿ ಒಂದು ದೊಡ್ಡ ಗುಂಪು, ಅಂದರೆ ಮಿರ್ಬೆಲಿಯಾ, ಡೇವಿಸಿಯಾ, ಡಿಲ್ವಿನಿಯಾ ಮುಂತಾದವುಗಳ ಗುಂಪು, ಬಿಡಿ ಕೇಸರಗಳದು. ಬಾಸಿಯಾ, ಹೋವಿಯಾ, ಪ್ಲಾಟಿಲೋಬಿಯಂಗಳಲ್ಲಿ ಕೇಸರಗಳು ಕೂಡಿಕೊಂಡು ಮೇಲ್ಗಡೆ ಸೀಳಿದ ಹಾಳೆಯಂತಾಗಿರುತ್ತವೆ. ಹೊರಗಿನಿಂದ ಒಂದೇ ಬಗೆಯದಾಗಿ ಕಾಣುವ ಹೂಗಳ ಒಳಗೆ ಇಷ್ಟು ದೊಡ್ಡ ಭೇದ ಇರುವುದನ್ನು ಪುಟಗಳು ಒಂದೊಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತವೆ. ಓದುವವರು ಅಲ್ಲಿ ನಿಂತು ಹೂವನ್ನು ಕಣ್ಣೆದುರು ತಂದುಕೊಂಡರೆ ಮಾತ್ರ ಆ ವಾಕ್ಯದ ತೂಕ ತಿಳಿಯುತ್ತದೆ.

ಗುರುತಿನ ಕೀಲಿ ಈ ಸೇವೆಯ ಬೆನ್ನೆಲುಬು. ಪ್ರತಿ ಹೆಜ್ಜೆಯಲ್ಲೂ ಎರಡು ಹೇಳಿಕೆಗಳು ಎದುರಾಗುತ್ತವೆ. ಕೈಯಲ್ಲಿರುವ ಗಿಡಕ್ಕೆ ಹೊಂದುವುದನ್ನು ಆರಿಸಿದರೆ ಮುಂದಿನ ಜೋಡಿ, ಅಲ್ಲಿಂದ ಅದರ ಮುಂದಿನ ಜೋಡಿ. ಡಿಲ್ವಿನಿಯಾದೊಳಗೆ ಬಂದ ಮೇಲೆ ಪ್ರಶ್ನೆಗಳು ಎಲೆಯ ತುದಿ ಚುಚ್ಚುತ್ತದೆಯೇ, ಎಲೆ ತಿರುಚಿದೆಯೇ, ಮೇಲ್ಮೈ ನುಣುಪೋ ಗಂಟುಗಂಟೋ, ರೋಮಗಳಿವೆಯೇ, ಹೂಗಳು ರೆಂಬೆಯ ತುದಿಯಲ್ಲಿವೆಯೋ ಎಲೆಗಳ ಕಂಕುಳಲ್ಲಿವೆಯೋ ಎಂಬಂಥವು. ತಿರುಚಿದ ಎಲೆ ಕಂಡ ಕೂಡಲೆ ರೆಟಾರ್ಟಾ ಎಂದು ತೀರ್ಮಾನಿಸುವ ಆತುರವನ್ನು ಕೀಲಿ ತಡೆಯುತ್ತದೆ, ಏಕೆಂದರೆ ಹಿಂದೆ ಇದರದೇ ಒಂದು ಬಗೆ ಎಂದು ಪರಿಗಣಿಸಲಾಗಿದ್ದ ಡಿಲ್ವಿನಿಯಾ ಫಿಲಿಕಾಯ್ಡಿಸ್‌ನ ಎಲೆಯೂ ತಿರುಚಿರುತ್ತದೆ. ಅದರ ಎಲೆಗೆ ರೋಮಗಳಿವೆ, ರೆಟಾರ್ಟಾದ ಎಲೆ ಬೋಳು. ಡಿಲ್ವಿನಿಯಾ ಸೀಬರಿಯ ಎಲೆಯ ತುದಿ ಮುಳ್ಳಿನಂತೆ ಚುಚ್ಚುತ್ತದೆ. ಡಿಲ್ವಿನಿಯಾ ಸೆರಿಸಿಯಾದ ಪುಷ್ಪಪಾತ್ರೆಯ ಮೇಲೆ ರೇಷ್ಮೆಯಂಥ ರೋಮಗಳಿವೆ. ಡಿಲ್ವಿನಿಯಾ ಫ್ಲೋರಿಬಂಡಾದ ಹೂಗಳು ರೆಂಬೆಯ ಉದ್ದಕ್ಕೂ ಎಲೆಗಳ ನಡುವೆ ಒತ್ತೊತ್ತಾಗಿ ಬಿಡುತ್ತವೆ. ಪ್ರತಿ ಪ್ರಭೇದದ ಪುಟದಲ್ಲೂ ಒಂದೇ ಅನುಕ್ರಮದಲ್ಲಿ, ಒಂದೇ ಪರಿಭಾಷೆಯಲ್ಲಿ, ಮಿಲಿಮೀಟರ್‌ಗಳ ಲೆಕ್ಕದಲ್ಲಿ ವರ್ಣನೆ ಇರುವುದರಿಂದ ಎರಡು ಪುಟಗಳನ್ನು ಅಕ್ಕಪಕ್ಕ ತೆರೆದಿಟ್ಟು ಸಾಲಿಗೆ ಸಾಲು ಹೋಲಿಸಬಹುದು. ಛಾಯಾಚಿತ್ರಗಳನ್ನೇ ನೆಚ್ಚಿಕೊಂಡ ಜಾಲತಾಣಗಳಲ್ಲಿ ಈ ಅನುಕೂಲ ಇಲ್ಲ. ಅಲ್ಲಿನ ಒಂದು ಚಿತ್ರದಲ್ಲಿ ಹೂವು ಸ್ಪಷ್ಟವಾಗಿದ್ದರೆ ಇನ್ನೊಂದರಲ್ಲಿ ಎಲೆ ಸ್ಪಷ್ಟವಾಗಿರುತ್ತದೆ. ಹೋಲಿಸಬೇಕಾದ ಅಂಗ ಎರಡರಲ್ಲೂ ಒಟ್ಟಿಗೆ ಸಿಗುವುದು ಅಪರೂಪ.

ಈ ಬರವಣಿಗೆಯ ಮೂಲ ಅಂತರ್ಜಾಲಕ್ಕಿಂತ ಹಳೆಯದು. ಗ್ವೆನ್ ಹಾರ್ಡನ್ ಸಂಪಾದಿಸಿದ, 1990ರಿಂದ 1993ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರಬಂದ ನ್ಯೂ ಸೌತ್ ವೇಲ್ಸ್ ಸಸ್ಯಕೋಶವೇ ಇದರ ತಳಹದಿ. ಬಟಾಣಿ ಕುಟುಂಬವಿರುವ ಎರಡನೆಯ ಸಂಪುಟ 2002ರಲ್ಲಿ ಪರಿಷ್ಕೃತವಾಯಿತು. ಕ್ರಿಯಾಪದಗಳನ್ನು ಬಿಟ್ಟು, ಅಂಗದ ಹೆಸರು ಮತ್ತು ಗುಣವನ್ನಷ್ಟೇ ಜೋಡಿಸುವ ಶೈಲಿ ಅದಕ್ಕೂ ಹಿಂದಿನದು. ಇಂಗ್ಲೆಂಡಿನ ಸಸ್ಯವಿಜ್ಞಾನಿ ಜಾರ್ಜ್ ಬೆಂಥಮ್ ಆಸ್ಟ್ರೇಲಿಯಕ್ಕೆ ಒಮ್ಮೆಯೂ ಕಾಲಿಡದೆ, ಮೆಲ್ಬರ್ನ್‌ನಿಂದ ಫರ್ಡಿನಂಡ್ ಫಾನ್ ಮ್ಯೂಲರ್ ಕಳಿಸಿದ ಒಣ ಮಾದರಿಗಳನ್ನೂ ಇಂಗ್ಲೆಂಡಿನ ಸಂಗ್ರಹಗಳನ್ನೂ ಎದುರಿಗಿಟ್ಟುಕೊಂಡು 1863ರಿಂದ 1878ರವರೆಗೆ ಏಳು ಸಂಪುಟಗಳಲ್ಲಿ ಆ ಖಂಡದ ಸಸ್ಯಗಳನ್ನು ವರ್ಣಿಸಿದರು. ಬಟಾಣಿ ಹೂವಿನ ಗಿಡಗಳು 1864ರ ಎರಡನೆಯ ಸಂಪುಟದಲ್ಲಿವೆ. ಗಿಡವನ್ನು ಅದರ ನೆಲದಲ್ಲಿ ನೋಡದೆಯೇ ಇಷ್ಟು ನಿಖರವಾಗಿ ಬರೆಯಲು ಸಾಧ್ಯವಾದದ್ದು ಮಾದರಿಗಳ ಬಲದಿಂದ. ಇಂದಿನ ಪುಟಗಳ ಹಿಂದೆಯೂ ಅಂಥದೇ ಸಂಗ್ರಹವಿದೆ: ಹತ್ತು ಲಕ್ಷಕ್ಕೂ ಹೆಚ್ಚು ಮಾದರಿಗಳಿರುವ ಹರ್ಬೇರಿಯಂ, ಸಿಡ್ನಿ ನಗರದ ಉದ್ಯಾನದಿಂದ ಮೌಂಟ್ ಆನನ್‌ನ ಹೊಸ ಕಟ್ಟಡಕ್ಕೆ ಸ್ಥಳಾಂತರಗೊಂಡು 2022ರಲ್ಲಿ ತೆರೆಯಿತು. 1770ರಲ್ಲಿ ಕುಕ್‌ನ ನೌಕೆಯಲ್ಲಿ ಬಂದ ಸಸ್ಯವಿಜ್ಞಾನಿಗಳಾದ ಬ್ಯಾಂಕ್ಸ್ ಮತ್ತು ಸೊಲಾಂಡರ್ ಸಂಗ್ರಹಿಸಿದ ಗಿಡಗಳೂ ಅಲ್ಲಿವೆ. ಎಲೆಯ ಉದ್ದ 4ರಿಂದ 12 ಮಿಲಿಮೀಟರ್ ಎಂಬ ಸಣ್ಣ ಮಾತಿನ ಹಿಂದೆ ಯಾರೋ ಕುಳಿತು ಹಾಳೆಯಿಂದ ಹಾಳೆಗೆ ಅಳೆದ ಶ್ರಮವಿದೆ ಎಂಬುದನ್ನು ನೆನೆದರೆ ಈ ಪುಟಗಳ ಮೇಲೆ ಗೌರವ ಹೆಚ್ಚುತ್ತದೆ.

ಈ ಪುಟದಲ್ಲಿ ಸಿಗದ ವಿಷಯಗಳೂ ಇವೆ, ಅವು ಸಣ್ಣವಲ್ಲ. ಸಸ್ಯಕೋಶದ ವರ್ಣನೆ ಗಿಡದ ಆಕಾರವನ್ನು ಹೇಳುತ್ತದೆ, ಅದರ ಬದುಕನ್ನು ಹೇಳುವುದು ಅದರ ಉದ್ದೇಶವಲ್ಲ. ಈ ಹೂಗಳ ರೆಕ್ಕೆದಳಗಳ ಮೇಲೆ ಕುಳಿತು, ದೋಣಿದಳವನ್ನು ಕೆಳಕ್ಕೆ ಒತ್ತಿ ಪರಾಗವನ್ನು ಹೊರತೆಗೆಯುವ ಟ್ರೈಕೊಕೊಲೆಟಿಸ್ ಎಂಬ ದೇಶೀಯ ಜೇನ್ನೊಣಗಳ ಬದುಕು ಬಟಾಣಿ ಹೂಗಳನ್ನೇ ಆಶ್ರಯಿಸಿದೆ. ಅದೇ ಜೇನ್ನೊಣಗಳನ್ನು ಸೆಳೆಯಲು ಡ್ಯೂರಿಸ್ ಮ್ಯಾಕ್ಯುಲೇಟಾ ಎಂಬ ನೆಲದ ಆರ್ಕಿಡ್ ಹಳದಿಯ ಮೇಲೆ ಕಂದು ಮಚ್ಚೆಗಳಿರುವ ಹೂಬಿಟ್ಟು, ಬಟಾಣಿ ಹೂವಿನ ಪೊದೆಗಳ ನಡುವೆ ಅದೇ ಕಾಲದಲ್ಲಿ ಅರಳುತ್ತದೆ. ಬೀಜಕ್ಕೆ ಅಂಟಿಕೊಂಡ ಮೆದುವಾದ ತುಣುಕಿನ ಆಸೆಗೆ ಇರುವೆಗಳು ಬೀಜವನ್ನು ಗೂಡಿಗೆ ಹೊತ್ತೊಯ್ಯುತ್ತವೆ. ಗಟ್ಟಿ ಸಿಪ್ಪೆಯ ಆ ಬೀಜ ವರ್ಷಗಟ್ಟಲೆ ಮಣ್ಣಿನಲ್ಲಿ ಸುಮ್ಮನಿದ್ದು, ಕಾಡ್ಗಿಚ್ಚಿನಿಂದ ಮಣ್ಣು ಕಾದಾಗ ಸಿಪ್ಪೆ ಬಿರಿದು, ಆಮೇಲಿನ ಮಳೆಗೆ ಮೊಳೆಯುತ್ತದೆ. ಈ ಗುಂಪಿನ ಬಹುತೇಕ ಬೀಜಗಳ ನಿದ್ರೆ ಮುರಿಯಲು ಬೇಕಾಗುವ ತಾಪ 80ರಿಂದ 100 ಡಿಗ್ರಿ ಸೆಲ್ಸಿಯಸ್. ಬೆಂಕಿ ಹಾದುಹೋದ ಒಂದೆರಡು ವರ್ಷಗಳಲ್ಲಿ ದಿಬ್ಬದ ತುಂಬ ಬಟಾಣಿ ಹೂವಿನ ಎಳೆಯ ಪೊದೆಗಳು ಏಳುವುದಕ್ಕೆ ಇದೇ ಕಾರಣ. ಪ್ರತಿ ಜಾತಿಯ ಪುಟದಲ್ಲಿ ಇಂಥ ಮಾತುಗಳಿಗೆ ಒಂದು ಪ್ಯಾರಾದಷ್ಟು ಜಾಗ ಮಾಡಿಕೊಟ್ಟರೂ ಸಾಮಾನ್ಯ ಓದುಗರಿಗೆ ಬಹಳ ಉಪಕಾರವಾಗುತ್ತದೆ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಎಲ್ಲೆಲ್ಲಿ ಬೆಳೆಯುತ್ತದೆ ಎಂಬ ಭಾಗ ಸಂಕ್ಷಿಪ್ತವಾಗಿದೆ. ಮರಳುಗಲ್ಲಿನ ಮೇಲಿನ ಹೀತ್ ಪೊದೆಗಾಡು ಮತ್ತು ಒಣ ನೀಲಗಿರಿ ಕಾಡು ಇದರ ನೆಲೆ. ನ್ಯೂ ಸೌತ್ ವೇಲ್ಸ್‌ನಿಂದ ಆಗ್ನೇಯ ಕ್ವೀನ್ಸ್‌ಲ್ಯಾಂಡಿನವರೆಗೆ ಹರಡಿದೆ. ರಾಜ್ಯವನ್ನು ಹದಿಮೂರು ಸಸ್ಯವಲಯಗಳಾಗಿ ವಿಂಗಡಿಸಿ, ಉತ್ತರ ಕರಾವಳಿಗೆ ಎನ್‌ಸಿ, ಮಧ್ಯ ಕರಾವಳಿಗೆ ಸಿಸಿ, ದಕ್ಷಿಣ ಕರಾವಳಿಗೆ ಎಸ್‌ಸಿ ಎಂಬಂತೆ ಸಂಕೇತಾಕ್ಷರಗಳನ್ನು ಕೊಟ್ಟಿದ್ದಾರೆ. ಹೊರಗಿನಿಂದ ಬಂದು ನೆಲೆಯೂರಿದ ಗಿಡವಾದರೆ ಹೆಸರು ಆರಂಭವಾಗುವ ಮೊದಲು ನಕ್ಷತ್ರದ ಗುರುತು ಇರುತ್ತದೆ. ಸಂಕೇತಗಳು ಒಮ್ಮೆ ರೂಢಿಯಾದರೆ ಒಂದೇ ನೋಟಕ್ಕೆ ಎಷ್ಟೋ ಪ್ರಭೇದಗಳನ್ನು ಬದಿಗಿಡಬಹುದು. ಇನ್ನೂ ಖಚಿತವಾದ ಜಾಗ ಬೇಕೆನ್ನುವವರು 2010ರಿಂದ ನಡೆಯುತ್ತಿರುವ ಅಟ್ಲಾಸ್ ಆಫ್ ಲಿವಿಂಗ್ ಆಸ್ಟ್ರೇಲಿಯದ ನಕ್ಷೆಯನ್ನು ಜೊತೆಗಿಟ್ಟುಕೊಳ್ಳಬೇಕು. ಪಶ್ಚಿಮ ಆಸ್ಟ್ರೇಲಿಯದ ಗಿಡಗಳಿಗೆ ಫ್ಲೋರಾಬೇಸ್ ಮತ್ತು ವಿಕ್ಟೋರಿಯಾದವಕ್ಕೆ ವಿಕ್‌ಫ್ಲೋರಾ ಎಂಬ ಬೇರೆ ಸೇವೆಗಳಿವೆ. ಪ್ಲಾಂಟ್‌ನೆಟ್‌ನಲ್ಲಿ ಅವನ್ನು ಹುಡುಕಿ ನಿರಾಶರಾಗಬಾರದು.

ಹೆಸರಿನ ಸಾಮ್ಯದಿಂದ ಒಂದು ಗೊಂದಲವಾಗುವ ಸಂಭವವಿದೆ. ಛಾಯಾಚಿತ್ರ ಕೊಟ್ಟರೆ ಗಿಡದ ಹೆಸರು ಸೂಚಿಸುವ ಫ್ರಾನ್ಸ್ ಮೂಲದ ಮೊಬೈಲ್ ಆ್ಯಪ್‌ಗೂ ಇದೇ ಉಚ್ಚಾರದ ಹೆಸರಿದೆ, ಎರಡಕ್ಕೂ ಸಂಬಂಧವಿಲ್ಲ. ಚಿತ್ರದಿಂದ ಹೆಸರು ಊಹಿಸುವ ಸಾಧನಗಳು ಎಲೆಯಡಿಯ ತೋಡನ್ನೋ ಉದುರಿಹೋದ ಕಿರುಪತ್ರವನ್ನೋ ಚಿತ್ರದಲ್ಲಿ ಇಲ್ಲದಿದ್ದಾಗ ನೋಡಲಾರವು, ಆದ್ದರಿಂದ ಈ ಪೊದೆಗಳ ಮಟ್ಟಿಗೆ ಅವುಗಳ ಸೂಚನೆಯನ್ನು ಜಾತಿಯವರೆಗೆ ತಲುಪುವ ಮೊದಲ ಸುಳಿವಾಗಿ ಮಾತ್ರ ಇಟ್ಟುಕೊಂಡು, ಉಳಿದದ್ದನ್ನು ಸಸ್ಯಕೋಶದ ಪುಟದೊಂದಿಗೆ ಹೋಲಿಸಿ ಖಚಿತಪಡಿಸಿಕೊಳ್ಳುವುದೇ ಸರಿಯಾದ ಕ್ರಮ.

ಪರಿಭಾಷೆ ಗಟ್ಟಿಯಾದದ್ದೆಂಬುದು ನಿಜ. ಸಸ್ಯವಿಜ್ಞಾನ ಓದದವರಿಗೆ ಮೊದಲ ಕೆಲವು ಪುಟಗಳು ದಣಿಸುತ್ತವೆ. ಪದಕೋಶದ ನೆರವಿನಿಂದ ಇಪ್ಪತ್ತೋ ಮೂವತ್ತೋ ಪದಗಳನ್ನು ಕಲಿತರೆ ಬಟಾಣಿ ಕುಟುಂಬದ ಹೆಚ್ಚಿನ ಪುಟಗಳು ತೆರೆದುಕೊಳ್ಳುತ್ತವೆ, ಏಕೆಂದರೆ ಅವೇ ಪದಗಳು ಮತ್ತೆ ಮತ್ತೆ ಬರುತ್ತವೆ. ರೇಖಾಚಿತ್ರವಿರುವ ಪ್ರಭೇದಗಳಲ್ಲಿ ಕೆಲಸ ಇನ್ನೂ ಹಗುರ. ಎಲೆ, ಪುಷ್ಪಪಾತ್ರೆ, ಕಾಯಿಗಳನ್ನು ಬಿಡಿಬಿಡಿಯಾಗಿ ಬರೆದು ತೋರಿಸುವ ಕಪ್ಪು ಗೆರೆಯ ಚಿತ್ರ ಹೇಳುವಷ್ಟನ್ನು ಬಣ್ಣದ ಛಾಯಾಚಿತ್ರ ಹೇಳುವುದಿಲ್ಲ.

ಬಳಸುವವರು ಗಮನದಲ್ಲಿಡಬೇಕಾದ ಒಂದು ಮಾತು ಕಾನೂನಿನದು. ನ್ಯೂ ಸೌತ್ ವೇಲ್ಸ್‌ನ ರಾಷ್ಟ್ರೀಯ ಉದ್ಯಾನಗಳಲ್ಲಿ ಪರವಾನಗಿಯಿಲ್ಲದೆ ಹೂವನ್ನಾಗಲಿ ರೆಂಬೆಯನ್ನಾಗಲಿ ಕೀಳುವಂತಿಲ್ಲ. ಆದ್ದರಿಂದ ಕೀಲಿ ಕೇಳುವ ಪ್ರಶ್ನೆಗಳಿಗೆಲ್ಲ ಗಿಡದ ಬಳಿಯೇ ಉತ್ತರ ಕಂಡುಕೊಳ್ಳಬೇಕು, ಇಲ್ಲವೇ ಉತ್ತರ ಸಿಗುವಂಥ ಚಿತ್ರಗಳನ್ನು ತೆಗೆದುಕೊಂಡು ಬರಬೇಕು. ಹೂವನ್ನು ಎದುರಿನಿಂದ ತೆಗೆದ ಸುಂದರ ಚಿತ್ರವೊಂದೇ ಸಾಲದು. ಹೂವನ್ನು ಪಕ್ಕದಿಂದ, ಪುಷ್ಪಪಾತ್ರೆ ಮತ್ತು ತೊಟ್ಟು ಕಾಣುವಂತೆ. ಎಲೆಯ ಮೇಲ್ಮೈ ಮತ್ತು ಅಡಿಮೈ ಎರಡನ್ನೂ. ಎಲೆ ಕಾಂಡಕ್ಕೆ ಸೇರುವ ಜಾಗವನ್ನು ಹತ್ತಿರದಿಂದ. ರೆಂಬೆಯ ಮೇಲೆ ಹೂಗಳು ಎಲ್ಲೆಲ್ಲಿ ಕುಳಿತಿವೆ ಎಂಬುದನ್ನು ತುಸು ದೂರದಿಂದ. ಅಳತೆಗಾಗಿ ಪಕ್ಕದಲ್ಲೊಂದು ಸ್ಕೇಲ್ ಇಟ್ಟು ಚಿತ್ರ ತೆಗೆದರೆ ಮನೆಗೆ ಬಂದು ಕೀಲಿಯ ಹೆಚ್ಚಿನ ಮೆಟ್ಟಿಲುಗಳನ್ನು ದಾಟಬಹುದು. ಹೂಬಿಡುವ ಮುಖ್ಯ ಕಾಲ ಆಗಸ್ಟ್‌ನಿಂದ ಅಕ್ಟೋಬರ್ ಆದ್ದರಿಂದ ಈ ಗಿಡಕ್ಕಾಗಿ ಹೊರಡುವವರು ಆ ತಿಂಗಳುಗಳನ್ನೇ ಆರಿಸಿಕೊಳ್ಳಬೇಕು. ಉಳಿದ ತಿಂಗಳುಗಳಲ್ಲಿ ಪ್ರಭೇದದವರೆಗೆ ಹೋಗುವ ಹಟ ಬೇಡ. ಕಾವಿನೆಲೆ ಇಲ್ಲ, ಎಲೆಯ ತೋಡು ಮೇಲ್ಬದಿಯಲ್ಲಿದೆ, ಎಲೆ ತಿರುಚಿದೆ ಮತ್ತು ಬೋಳಾಗಿದೆ ಎಂಬಷ್ಟನ್ನು ಬರೆದಿಟ್ಟುಕೊಂಡರೆ ಹೂಬಿಟ್ಟಾಗ ಅದೇ ಪೊದೆಯ ಬಳಿಗೆ ಹೋಗಿ ಉಳಿದದ್ದನ್ನು ನೋಡಬಹುದು.